ಆಫೀಸು ಎಂಟೇ ಕಿಲೋಮೀಟರ್ ದೂರವಿದ್ದರೆ ಪೆಟ್ರೋಲ್ ಕಾರೋ, ಡೀಸೆಲ್ ಕಾರೋ? ಲೆಕ್ಕ ಹಾಕಿ ತೀರ್ಮಾನಿಸುವ ಬಗೆ

‘ಡೀಸೆಲ್ ಗಾಡಿ ಮೈಲೇಜ್ ಚೆನ್ನಾಗಿ ಕೊಡುತ್ತೆ, ಅದನ್ನೇ ತಗೊಳ್ಳಿ’ ಎಂಬ ಸಲಹೆ ಹುಟ್ಟಿದ ಕಾಲವೇ ಬೇರೆ. 2012ರಲ್ಲಿ ದೆಹಲಿಯ ಬಂಕುಗಳಲ್ಲಿ ಪೆಟ್ರೋಲಿಗೂ ಡೀಸೆಲ್‌ಗೂ ಲೀಟರಿಗೆ ಮೂವತ್ತು ರೂಪಾಯಿಗೂ ಹೆಚ್ಚು ಅಂತರವಿದ್ದ ದಿನಗಳಿದ್ದವು. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ನಿಯಂತ್ರಣವನ್ನು ಕೈಬಿಟ್ಟಿತು. ಬೆಂಗಳೂರಿನಲ್ಲಿ 2025ರ ದರದಂತೆ ಪೆಟ್ರೋಲ್ ಸುಮಾರು 103 ರೂಪಾಯಿ, ಡೀಸೆಲ್ ಸುಮಾರು 91. ಅಂತರ ಹನ್ನೆರಡಕ್ಕೆ ಇಳಿದಿದೆ.

ಬದಲಾದದ್ದು ದರವಷ್ಟೇ ಅಲ್ಲ. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂತು. ಅಂದಿನಿಂದ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಬಂದು ಕುಳಿತಿದೆ. ಅದೇ ಹೊತ್ತಿಗೆ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು, ಫೋಕ್ಸ್‌ವ್ಯಾಗನ್, ಸ್ಕೋಡಾ ಕೂಡ ನಿಲ್ಲಿಸಿದವು, 2023ರಲ್ಲಿ ಹೋಂಡಾ ಕೈಬಿಟ್ಟಿತು. ನಾಲ್ಕು ಮೀಟರಿನೊಳಗಿನ ಡೀಸೆಲ್ ಕಾರು ಬೇಕೆಂದರೆ ಈಗ ಉಳಿದಿರುವುದು ಟಾಟಾ ಆಲ್ಟ್ರೋಜ್, ನೆಕ್ಸಾನ್, ಹ್ಯುಂಡೈ ವೆನ್ಯೂ, ಕಿಯಾ ಸೋನೆಟ್, ಸೈರೋಸ್, ಮಹೀಂದ್ರಾ 3ಎಕ್ಸ್‌ಒ ಇಂಥ ಬೆರಳೆಣಿಕೆಯ ಹೆಸರುಗಳು. ಎಲ್ಲದರಲ್ಲೂ ಹೆಚ್ಚೂಕಡಿಮೆ ಒಂದೂವರೆ ಲೀಟರಿನ ಎಂಜಿನ್.

ಶೋರೂಮಿನಲ್ಲಿ ಕೇಳುವ ಮೊದಲ ಪ್ರಶ್ನೆ ‘ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಸರ್?’ ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಅಷ್ಟೇ ಸಾಲದು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಯೂ ಡೀಸೆಲ್ ಎಂಜಿನ್ ಕೆಡಿಸಿಕೊಳ್ಳಬಹುದು, ಆರುನೂರು ಓಡಿ ಚೆನ್ನಾಗಿಯೂ ಇಟ್ಟುಕೊಳ್ಳಬಹುದು. ನೋಡಬೇಕಾದದ್ದು ದೂರಕ್ಕಿಂತ ಹೆಚ್ಚಾಗಿ ಬಿಸಿಯನ್ನು, ಏಕೆಂದರೆ ಡಿಪಿಎಫ್ ಹಿಡಿದ ಮಸಿ ಸುಟ್ಟುಹೋಗಲು ಬಿಸಿಯೇ ಬೇಕು. ನಿಮ್ಮ ಓಡಾಟದಲ್ಲಿ ಆ ಹೊಗೆ ಕೊಳವೆ ಎಂದಾದರೂ ಪೂರ್ತಿ ಕಾಯುತ್ತದೆಯೇ, ಕಾದ ಮೇಲೆ ಇಪ್ಪತ್ತು ನಿಮಿಷ ಹಾಗೇ ಇರುತ್ತದೆಯೇ?

ಹಂತ 1: ಎರಡು ವಾರ ಬರೆದಿಡಿ

ಈಗಿರುವ ಗಾಡಿಯಲ್ಲೋ, ಆಟೋದಲ್ಲೋ, ಬೈಕಿನಲ್ಲೋ ಹೋಗಿ ಬರುವಾಗ ಹದಿನಾಲ್ಕು ದಿನ ನಾಲ್ಕು ಸಂಗತಿ ಬರೆಯಿರಿ: ಹೊರಟ ಸಮಯ, ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ, ಆಮೇಲೆ ಗಾಡಿ ಎಷ್ಟು ಗಂಟೆ ನಿಂತಿತು.

ಇದರಿಂದ ಮೂರು ವಿಷಯ ಹೊರಬರುತ್ತವೆ. ಒಂದು, ಸರಾಸರಿ ವೇಗ. ಕಿಲೋಮೀಟರನ್ನು ನಿಮಿಷದಿಂದ ಭಾಗಿಸಿ 60ರಿಂದ ಗುಣಿಸಿ. ಎಂಟು ಕಿ.ಮೀ.ಗೆ 40 ನಿಮಿಷ ಹಿಡಿದರೆ ಗಂಟೆಗೆ 12 ಕಿ.ಮೀ. ಬೆಂಗಳೂರಿನ ಸಂಜೆಗೆ ಇದು ಅಪರೂಪದ ಸಂಖ್ಯೆಯೇನಲ್ಲ. ಎರಡು, ತಣ್ಣಗಿನ ಸ್ಟಾರ್ಟ್‌ಗಳ ಲೆಕ್ಕ. ನಾಲ್ಕೈದು ಗಂಟೆ ನಿಂತ ಎಂಜಿನ್ ಬಹುಪಾಲು ತಣ್ಣಗಾಗಿರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದರೆ ದಿನಕ್ಕೆ ಎರಡು. ನಡುವೆ ಮಕ್ಕಳನ್ನು ಶಾಲೆಯಿಂದ ಕರೆತರುವ ಒಂದೂವರೆ ಕಿಲೋಮೀಟರಿನ ಓಡಾಟವನ್ನೂ ಬಿಡದೆ ಬರೆಯಿರಿ. ಎಂಜಿನ್ನಿಗೆ ಅತಿ ಕೆಟ್ಟ ಪ್ರಯಾಣ ಅದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗಂಟೆಗೆ 50–60 ಕಿ.ಮೀ. ಮೇಲೆ, ನಿಲ್ಲದೆ ಇಪ್ಪತ್ತು ನಿಮಿಷ ಓಡಿದ್ದು ಈ ಹದಿನಾಲ್ಕು ದಿನದಲ್ಲಿ ಎಷ್ಟು ಸಲ?

ಒಮ್ಮೆಯೂ ಇಲ್ಲ, ಮುಂದೆಯೂ ಹಾಗೆ ಓಡಿಸುವ ಸಂದರ್ಭವಿಲ್ಲ ಎಂದಾದರೆ ಹೊಸ ಡೀಸೆಲ್ ಕಾರಿನ ಯೋಚನೆಯನ್ನು ಇಲ್ಲಿಗೇ ಬಿಡಿ. ದುಡ್ಡಿನ ಲೆಕ್ಕ ಏನೇ ಹೇಳಲಿ, ಗಾಡಿ ಒಪ್ಪುವುದಿಲ್ಲ. ವಾರಕ್ಕೊಮ್ಮೆ ಸಿಗುತ್ತದೆ ಎಂದರೆ ಡೀಸೆಲ್ ಪಟ್ಟಿಯಲ್ಲಿ ಉಳಿಯಲಿ. ‘ತಿಂಗಳಿಗೊಮ್ಮೆ ಊರಿಗೆ ಹೋಗ್ತೀವಿ’ ಎನ್ನುವವರು ಗಡಿಯಲ್ಲಿದ್ದಾರೆ. ಅವರು ಮುಂದಿನ ಎರಡು ಹಂತಗಳನ್ನು ಗಮನವಿಟ್ಟು ಓದಬೇಕು.

ಒಂದೇ ಎಂಟು ಕಿಲೋಮೀಟರ್ ಎರಡು ಊರಿನಲ್ಲಿ ಎರಡು ಥರ ಎಂಬುದನ್ನೂ ಮರೆಯಬೇಡಿ. ಸುರತ್ಕಲ್ಲಿನಿಂದ ಮಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವವರ ಎಂಜಿನ್ ಕಾಣುವ ದಿನ ಬೇರೆ, ಸಿಲ್ಕ್ ಬೋರ್ಡ್ ದಾಟುವವರ ಎಂಜಿನ್ ಕಾಣುವ ದಿನ ಬೇರೆ. ಮಲೆನಾಡಿನಲ್ಲಿ ತೋಟದಿಂದ ಪೇಟೆಗೆ ಆರು ಕಿಲೋಮೀಟರ್ ಏರುದಾರಿ, ಹಿಂದೆ ಮೂಟೆ ಹೇರಿದೆ ಎಂದರೆ ಎಂಜಿನ್ ಮೈಮುರಿದು ದುಡಿಯುತ್ತದೆ, ಬೇಗ ಕಾಯುತ್ತದೆ. ಅಲ್ಲಿ ಡೀಸೆಲ್ಲಿನ ಎಳೆತಕ್ಕೆ ನಿಜವಾದ ಬೆಲೆಯಿದೆ.

ಹಂತ 2: ಬಿಸಿಯ ಲೆಕ್ಕ ಅರ್ಥ ಮಾಡಿಕೊಳ್ಳಿ

ಪೆಟ್ರೋಲ್ ಎಂಜಿನ್ ಒಂದು ಪಾಲು ಇಂಧನಕ್ಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರಿಸಿ ಉರಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಈ ಪ್ರಮಾಣ ಹೆಚ್ಚು ಬದಲಾಗದು, ಏಕೆಂದರೆ ಥ್ರಾಟಲ್ ಎಂಬ ಗಾಳಿಯ ಬಾಗಿಲು ಮುಚ್ಚಿಕೊಂಡು ಗಾಳಿಯನ್ನೂ ತಡೆಯುತ್ತದೆ. ಡೀಸೆಲ್ ಎಂಜಿನ್ ಹಾಗಲ್ಲ. ಗಾಳಿಯನ್ನು ಸರಾಗವಾಗಿ ಒಳಗೆ ಬಿಟ್ಟುಕೊಂಡು, ಬೇಕಾದಷ್ಟೇ ಡೀಸೆಲ್ ಚಿಮುಕಿಸುತ್ತದೆ. ನಿಂತಲ್ಲೇ ಓಡುವಾಗ ಒಂದು ಪಾಲು ಡೀಸೆಲ್ಲಿಗೆ ಐವತ್ತು ಪಾಲಿಗೂ ಮೀರಿ ಗಾಳಿ ಹಾದುಹೋಗಬಹುದು. ಇಷ್ಟು ಗಾಳಿ ಒಳಗೆ ಬಂದು ಹೊರಗೆ ಹೋಗುವಾಗ ಬಿಸಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಜೊತೆಗೆ ಡೀಸೆಲ್ ಎಂಜಿನ್ ಇಂಧನದ ಶಕ್ತಿಯನ್ನು ಹೆಚ್ಚು ಪಾಲು ಕೆಲಸಕ್ಕೇ ಬಳಸುತ್ತದೆ. ಮೈಲೇಜಿನ ಗುಟ್ಟು ಅದೇ, ತಡವಾಗಿ ಕಾಯುವುದರ ಕಾರಣವೂ ಅದೇ.

ಆದ್ದರಿಂದ ಬೆಳಿಗ್ಗೆ ಮನೆ ಮುಂದೆ ಹತ್ತು ನಿಮಿಷ ಡೀಸೆಲ್ ಗಾಡಿ ಸ್ಟಾರ್ಟ್ ಮಾಡಿ ಬಿಟ್ಟು ‘ಬಿಸಿಯಾಗಲಿ’ ಎಂದು ಕಾಯುವುದು ವ್ಯರ್ಥ. ಪಕ್ಕದ ಮನೆಯವರ ನಿದ್ದೆ ಕೆಡುತ್ತದೆ, ಎಂಜಿನ್ ಅರ್ಧವೂ ಕಾಯುವುದಿಲ್ಲ, ಮಸಿ ಮಾತ್ರ ಕೂಡುತ್ತದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ಮೊದಲ ಎರಡು ಕಿಲೋಮೀಟರ್ ಆಕ್ಸಿಲರೇಟರ್ ಒತ್ತದೆ ಮೆಲ್ಲಗೆ ಓಡಿಸುವುದೇ ಸರಿ. ಪೆಟ್ರೋಲಿಗೂ ಇದೇ ಮಾತು.

ಮೀಟರಿನಲ್ಲಿ ಬಿಸಿಯ ಮುಳ್ಳು ನಡುವಿಗೆ ಬಂದರೆ ಎಂಜಿನ್ ಕಾಯಿತು ಎಂದುಕೊಳ್ಳಬೇಡಿ. ಅದು ತೋರಿಸುವುದು ಕೂಲಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ, ಬಿಸಿಯನ್ನು. ಎಂಜಿನ್ ಆಯಿಲ್ ಅದಕ್ಕಿಂತ ಬಹಳ ನಿಧಾನವಾಗಿ ಕಾಯುತ್ತದೆ. ಆಯಿಲ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಓಡಿದರೆ ಮಾತ್ರ ಅದರೊಳಗೆ ಸೇರಿದ ನೀರಿನ ಪಸೆ, ಉರಿಯದ ಇಂಧನ ಆವಿಯಾಗಿ ಹೋಗುತ್ತವೆ. ದಿನವೂ ಅರೆಬಿಸಿಯಲ್ಲೇ ನಿಲ್ಲಿಸಿದರೆ ಅವು ಒಳಗೇ ಉಳಿಯುತ್ತವೆ. ಆಯಿಲ್ ಮುಚ್ಚಳ ತೆಗೆದಾಗ ಒಳಬದಿಯಲ್ಲಿ ಮಜ್ಜಿಗೆ ಬಣ್ಣದ ಲೋಳೆ ಕಂಡರೆ ಬಹುಪಾಲು ಕಾರಣ ಇದೇ. ಆದರೆ ಲೋಳೆಯ ಜೊತೆಗೆ ಕೂಲಂಟೂ ಕಡಿಮೆಯಾಗುತ್ತಿದ್ದರೆ ಎಂಜಿನ್ನಿನ ಮೇಲ್ಭಾಗವನ್ನು ಬಿಗಿಯಾಗಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಕೆಟ್ಟಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಬೇಕು.

ಹಂತ 3: ಡಿಪಿಎಫ್ ಏನು ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಡಿಪಿಎಫ್ ಎಂದರೆ ಜೇನುಗೂಡಿನಂಥ ಪಿಂಗಾಣಿ ಗಟ್ಟಿ. ಒಂದು ಸಾಲಿನ ರಂಧ್ರಗಳು ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ ಸಾಲು ಆ ತುದಿಯಲ್ಲಿ ಮುಚ್ಚಿರುತ್ತದೆ. ಹೊಗೆ ಗೋಡೆಯೊಳಗಿಂದ ತೂರಿ ಹೋಗಲೇಬೇಕು, ಮಸಿ ಅಲ್ಲಿಯೇ ಅಂಟುತ್ತದೆ. ತುಂಬಿದ ಮಸಿಯನ್ನು ಸುಟ್ಟು ಖಾಲಿ ಮಾಡುವ ಕೆಲಸಕ್ಕೆ ರೀಜನರೇಷನ್ ಎಂದು ಹೆಸರು. ಅದು ಎರಡು ರೀತಿ ನಡೆಯುತ್ತದೆ. ಹೆದ್ದಾರಿಯಲ್ಲಿ ಹೊಗೆಯೇ 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ ಮಸಿ ತಾನಾಗಿ ನಿಧಾನವಾಗಿ ಉರಿದುಹೋಗುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಪೇಟೆಯಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ. ಆಗ ಎಂಜಿನ್ ಕಂಪ್ಯೂಟರ್ ತಾನೇ ಮುಂದಾಗಿ, ಸಿಲಿಂಡರಿನಲ್ಲಿ ಉರಿ ಮುಗಿದ ಮೇಲೆ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ. ಆ ಡೀಸೆಲ್ ಹೊಗೆ ಕೊಳವೆಯ ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಫಿಲ್ಟರನ್ನು 600 ಡಿಗ್ರಿಯ ಸುತ್ತಮುತ್ತ ಕಾಯಿಸುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು.

ಈ ಸುಡುವ ಸರದಿ ಕೆಲವು ನೂರು ಕಿಲೋಮೀಟರಿಗೊಮ್ಮೆ ಬರುತ್ತದೆ. ದಿನಕ್ಕೆ ಹದಿನಾರು ಕಿಲೋಮೀಟರ್ ಓಡುವವರಿಗೆ ಎರಡು ಮೂರು ವಾರಕ್ಕೊಮ್ಮೆ ಎಂದುಕೊಳ್ಳಿ. ತೊಂದರೆ ಏನೆಂದರೆ, ಆ ದಿನ ಯಾವುದು ಎಂದು ನಿಮಗೆ ಗೊತ್ತಿರುವುದಿಲ್ಲ. ಬಹಳ ಕಾರುಗಳಲ್ಲಿ ಸುಡುವುದು ಶುರುವಾದಾಗ ಯಾವ ದೀಪವೂ ಹತ್ತುವುದಿಲ್ಲ. ಐದು ನಿಮಿಷಕ್ಕೆ ಆಫೀಸು ಬಂತು, ಪಾರ್ಕಿಂಗಿನಲ್ಲಿ ಕೀ ತಿರುಗಿಸಿದಿರಿ, ಕೆಲಸ ಅರ್ಧಕ್ಕೆ ನಿಂತಿತು. ಸಂಜೆ ಕಂಪ್ಯೂಟರ್ ಮತ್ತೆ ಮೊದಲಿನಿಂದ ಶುರುಮಾಡುತ್ತದೆ, ಮನೆ ಬಂದಾಗ ಮತ್ತೆ ನಿಲ್ಲುತ್ತದೆ.

ಹೀಗೆ ಅರ್ಧಕ್ಕೆ ನಿಂತಾಗಲೆಲ್ಲ ಹೆಚ್ಚುವರಿ ಚಿಮುಕಿಸಿದ ಡೀಸೆಲ್ಲಿನ ಒಂದು ಪಾಲು ಸಿಲಿಂಡರಿನ ಗೋಡೆಯ ಮೇಲೆ ಇಳಿದು, ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ಸೇರುತ್ತದೆ. ಆಯಿಲ್ ಅಳತೆ ಕಡಿಮೆಯಾಗುವ ಬದಲು ಏರುತ್ತದೆ! ಹಳೆ ಕಾಲದ ಮಾಲೀಕರು ‘ನಮ್ಮ ಗಾಡಿ ಆಯಿಲೇ ಕುಡಿಯಲ್ಲ’ ಎಂದು ಹಿಗ್ಗುತ್ತಿದ್ದರು. ಡಿಪಿಎಫ್ ಇರುವ ಗಾಡಿಯಲ್ಲಿ ಏರುವ ಆಯಿಲ್ ಹಿಗ್ಗುವ ವಿಷಯವಲ್ಲ. ಡೀಸೆಲ್ ಬೆರೆತು ತೆಳುವಾದ ಆಯಿಲ್ ಬೇರಿಂಗುಗಳನ್ನು, ಎಲ್ಲಕ್ಕಿಂತ ಮೊದಲು ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋವನ್ನು ಸವೆಸುತ್ತದೆ.

ಸುಡುವುದು ನಡೆಯುತ್ತಿದೆ ಎಂದು ಗುರುತಿಸುವ ಲಕ್ಷಣಗಳಿವೆ. ನಿಂತಾಗ ಎಂಜಿನ್ ವೇಗ ಮಾಮೂಲಿಗಿಂತ ನೂರಿನ್ನೂರು ಆರ್‌ಪಿಎಂ ಹೆಚ್ಚಿರುತ್ತದೆ, ಎಂಜಿನ್ ಶಬ್ದ ಸ್ವಲ್ಪ ಗಡಸಾಗುತ್ತದೆ, ಕಾರು ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ, ಮೀಟರಿನ ತತ್ಕ್ಷಣದ ಮೈಲೇಜ್ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆಟೋ ಸ್ಟಾರ್ಟ್-ಸ್ಟಾಪ್ ಇರುವ ಕಾರಿನಲ್ಲಿ ಸಿಗ್ನಲ್ಲಿಗೆ ಎಂಜಿನ್ ನಿಲ್ಲುವುದು ಬಂದ್ ಆಗುತ್ತದೆ. ಇವು ಕಂಡ ದಿನ ಮನೆ ಬಂದರೂ ನಿಲ್ಲಿಸದೆ ಇನ್ನೊಂದು ಸುತ್ತು ಹಾಕಿ ಬನ್ನಿ. ಒಣ ಹುಲ್ಲು, ಎಲೆರಾಶಿಯ ಮೇಲೆ ಗಾಡಿ ನಿಲ್ಲಿಸಬೇಡಿ, ಕೆಳಗಿನ ಕೊಳವೆ ಬೆಂಕಿ ಹತ್ತಿಸುವಷ್ಟು ಕಾದಿರುತ್ತದೆ.

ಮೀಟರಿನಲ್ಲಿ ಡಿಪಿಎಫ್ ದೀಪವೇ ಹತ್ತಿತು ಎಂದುಕೊಳ್ಳಿ. ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ, ಅದಕ್ಕಿಂತ ಕಡಿಮೆಯಿದ್ದರೆ ಹಲವು ಕಾರುಗಳು ಸುಡುವುದಕ್ಕೇ ಒಪ್ಪುವುದಿಲ್ಲ. ನೈಸ್ ರಸ್ತೆಯೋ, ತುಮಕೂರು ರಸ್ತೆಯೋ, ನಿಮ್ಮೂರಿನ ಬೈಪಾಸೋ ಹಿಡಿದು, ಕಾರಿನ ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ ಓಡಿಸಿ. ಸಾಮಾನ್ಯವಾಗಿ 60ರ ಮೇಲಿನ ವೇಗ, ಎಂಜಿನ್ 2,000 ಆರ್‌ಪಿಎಂ ಆಸುಪಾಸು. ಮೈಲೇಜಿಗಾಗಿ ಐದನೇ ಗೇರಿಗೆ ಹಾಕುವ ಅಭ್ಯಾಸವನ್ನು ಅಂದಿನ ಮಟ್ಟಿಗೆ ಬಿಟ್ಟು ನಾಲ್ಕರಲ್ಲೇ ಇರಿ. ಹೆಚ್ಚಿನ ಪಾಲು ಇಪ್ಪತ್ತು ನಿಮಿಷದೊಳಗೆ ದೀಪ ಆರುತ್ತದೆ. ಆರಲಿಲ್ಲ, ದೀಪ ಮಿನುಗತೊಡಗಿತು, ಎಂಜಿನ್ ದೀಪವೂ ಸೇರಿಕೊಂಡು ಗಾಡಿ ಎಳೆಯುತ್ತಿಲ್ಲ ಎಂದಾದರೆ ಇನ್ನು ಓಡಿಸಬೇಡಿ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಜೋಡಿಸಿ ನಿಂತಲ್ಲೇ ಸುಡಿಸಬೇಕು. ಆಮೇಲೆ ಎಂಜಿನ್ ಆಯಿಲ್ ಬದಲಾಯಿಸಲೇಬೇಕು, ಅವರು ಹೇಳದಿದ್ದರೂ ನೀವು ಕೇಳಿ.

ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಬರುವುದು ಎಂಜಿನ್ ಆಯಿಲಿನಿಂದ. ಅದಕ್ಕೇ ಬೂದಿ ಕಡಿಮೆ ಬಿಡುವ, ಕೈಪಿಡಿ ಹೇಳುವ ದರ್ಜೆಯ ಆಯಿಲನ್ನೇ ಹಾಕಬೇಕು. ಬಹುಪಾಲು ಅದು ಎಸಿಇಎ ಎಂಬ ಯುರೋಪಿನ ಕಾರು ತಯಾರಕರ ಸಂಘ ಗೊತ್ತುಮಾಡಿದ ಸಿ2 ಅಥವಾ ಸಿ3 ದರ್ಜೆ. ಬೀದಿ ಬದಿಯ ಗ್ಯಾರೇಜಿನಲ್ಲಿ ಟ್ರ್ಯಾಕ್ಟರಿಗೂ ಕಾರಿಗೂ ಒಂದೇ ಡಬ್ಬಿಯಿಂದ ಸುರಿಯುವ ಆಯಿಲ್ ಹಾಕಿಸಿದರೆ ಉಳಿಯುವುದು ಇನ್ನೂರು ಮುನ್ನೂರು ರೂಪಾಯಿ, ತೆರಬೇಕಾಗುವುದು ಹೊಸ ಫಿಲ್ಟರಿನ ಬಿಲ್ಲು. ಅದು ಐದಂಕಿಯ ಮೇಲ್ತುದಿಯಲ್ಲಿ ಶುರುವಾಗಿ ಆರಂಕಿಗೂ ಹೋಗಬಹುದು. ಬಳಕೆಯ ರೀತಿಯಿಂದ ಕಟ್ಟಿಕೊಂಡ ಫಿಲ್ಟರನ್ನು ವಾರಂಟಿಯಲ್ಲಿ ಸೇರಿಸದಿರುವುದೂ ಉಂಟು, ಪುಸ್ತಕದ ಆ ಪುಟವನ್ನು ಕೊಳ್ಳುವ ಮೊದಲೇ ಓದಿ.

‘ಡಿಪಿಎಫ್ ತೆಗೆಸಿ, ಪ್ರೋಗ್ರಾಂ ಬದಲಾಯಿಸಿಕೊಡ್ತೀವಿ’ ಎನ್ನುವವರು ಸಿಗುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡನ್ನು ಒಪ್ಪುವುದಿಲ್ಲ, ವಾರಂಟಿ ಹೋಗುತ್ತದೆ, ಹಿಂದಿರುವ ಬೈಕ್ ಸವಾರರ ಮೂಗಿಗೆ ಆ ಮಸಿ ಬಡಿಯುತ್ತದೆ.

ಹಂತ 4: ದುಡ್ಡಿನ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಹೋಗಲು 8, ಬರಲು 8, ತಿಂಗಳಿಗೆ 25 ದಿನ: 400 ಕಿ.ಮೀ. ಉಳಿದ ಓಡಾಟ 150. ವರ್ಷಕ್ಕೆ 6,600 ಕಿ.ಮೀ.

ಮೈಲೇಜಿಗೆ ಕಂಪನಿ ಹೇಳುವ ಸಂಖ್ಯೆ ಹಿಡಿಯಬೇಡಿ, ಅದು ಪ್ರಯೋಗಶಾಲೆಯ ರೋಲರ್ ಮೇಲಿನದು. ತಣ್ಣಗಿನ ಎಂಜಿನ್, ಸಿಗ್ನಲ್, ಎಸಿ ಎಲ್ಲ ಸೇರಿ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ಎಂದಿಟ್ಟುಕೊಳ್ಳೋಣ. ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್ ಇದೆ. ಎಥನಾಲಿನಲ್ಲಿ ಲೀಟರಿಗಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು, ಆದ್ದರಿಂದ ಹಳೆಯ ವಿಮರ್ಶೆಗಳಲ್ಲಿ ಓದಿದ ಮೈಲೇಜಿಗಿಂತ ತುಸು ಕಡಿಮೆಯನ್ನೇ ಹಿಡಿಯುವುದು ಜಾಣತನ.

ಪೆಟ್ರೋಲ್: 103 ÷ 10 = ಕಿ.ಮೀ.ಗೆ 10.30 ರೂ.
ಡೀಸೆಲ್: 91 ÷ 13 = ಕಿ.ಮೀ.ಗೆ 7 ರೂ.
ಉಳಿತಾಯ: 3.30 × 6,600 = ವರ್ಷಕ್ಕೆ 21,780 ರೂ.

ಇದರಿಂದ ಸರ್ವಿಸಿನ ಹೆಚ್ಚುವರಿ ಖರ್ಚು ಕಳೆಯಬೇಕು. ಡೀಸೆಲ್ಲಿಗೆ ಆಯಿಲ್ ಹೆಚ್ಚು ಲೀಟರ್ ಹಿಡಿಯುತ್ತದೆ, ಡೀಸೆಲ್ ಫಿಲ್ಟರಿನ ಬೆಲೆ ಬೇರೆ, ಕೆಲವು ಮಾದರಿಗಳಿಗೆ ಹೊಗೆ ಶುದ್ಧಿಗೆಂದು ಯೂರಿಯಾ ದ್ರಾವಣವೂ ತುಂಬಿಸಬೇಕು. ವರ್ಷಕ್ಕೆ 4,000 ಎಂದರೂ ಉಳಿಯುವುದು 17,780.

ಈಗ ಕೊಳ್ಳುವ ಬೆಲೆ. ಇಲ್ಲಿ ಬಹಳ ಜನ ಎಡವುವ ಕಲ್ಲು ಒಂದಿದೆ. ಪೆಟ್ರೋಲ್ ಕಾರಿನ ಶೋರೂಮ್ ಬೆಲೆ 9.40 ಲಕ್ಷ, ಡೀಸೆಲ್ಲಿನದು 10.60 ಲಕ್ಷ, ‘ವ್ಯತ್ಯಾಸ ಒಂದು ಲಕ್ಷದ ಇಪ್ಪತ್ತು ಸಾವಿರ ಅಷ್ಟೇ’ ಎನ್ನುತ್ತಾರೆ. ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಬೆಲೆಯ ಹಂತದ ಮೇಲೆ ನಿಂತಿದೆ: 5ರಿಂದ 10 ಲಕ್ಷದವರೆಗೆ ಶೇ 14, 10 ದಾಟಿ 20 ಲಕ್ಷದವರೆಗೆ ಶೇ 17, ಎರಡರ ಮೇಲೂ ತೆರಿಗೆಯ ಶೇ 11ರಷ್ಟು ಸೆಸ್.

ಪೆಟ್ರೋಲಿಗೆ 9,40,000ದ ಶೇ 15.54, ಅಂದರೆ 1,46,076.
ಡೀಸೆಲ್ಲಿಗೆ 10,60,000ದ ಶೇ 18.87, ಅಂದರೆ 2,00,022.

ತೆರಿಗೆಯಲ್ಲೇ ಸುಮಾರು 54,000 ಹೆಚ್ಚು! ವಿಮೆಗೆ ಒಂದು ನಾಲ್ಕು ಸಾವಿರ ಸೇರಿಸಿದರೆ ರಸ್ತೆಗಿಳಿಯುವ ಹೊತ್ತಿಗೆ ವ್ಯತ್ಯಾಸ 1.78 ಲಕ್ಷ. ಹತ್ತು ಲಕ್ಷ ದಾಟಿದ ಕಾರಿಗೆ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದು ಆದಾಯ ತೆರಿಗೆ ರಿಟರ್ನಿನಲ್ಲಿ ವಾಪಸು ಬರುತ್ತದೆ, ಲೆಕ್ಕಕ್ಕೆ ಬೇಡ.

1,78,000 ÷ 17,780 ಎಂದರೆ ಹತ್ತು ವರ್ಷ. ನಗದು ಕೊಟ್ಟು ಕೊಂಡವರ ಲೆಕ್ಕ ಇದು. ಆ 1.78 ಲಕ್ಷವನ್ನು ಶೇ 9ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ತಿಂಗಳಿಗೆ ಸುಮಾರು 3,695 ರೂ. ಕಂತು, ಒಟ್ಟು ಕಟ್ಟುವುದು ಸುಮಾರು 2.22 ಲಕ್ಷ. ಆಗ ಹನ್ನೆರಡೂವರೆ ವರ್ಷ ಬೇಕು. ಕಂತೇ ತಿಂಗಳ ಉಳಿತಾಯದ ಎರಡರಷ್ಟು ಮೀರಿದೆ ಎಂಬುದನ್ನು ಗಮನಿಸಿ. ಒಂದೇ ಒಂದು ಸಲ ಡಿಪಿಎಫ್ ಅಥವಾ ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ಕೈಕೊಟ್ಟರೆ ಈ ಲೆಕ್ಕ ಇನ್ನೂ ಎರಡು ಮೂರು ವರ್ಷ ಮುಂದೆ ಹೋಗುತ್ತದೆ.

ಎರಡೂ ಕಾರು ಹತ್ತು ಲಕ್ಷದೊಳಗೇ ಇದ್ದರೆ ವ್ಯತ್ಯಾಸ 1.43 ಲಕ್ಷದ ಹತ್ತಿರ, ಎಂಟು ವರ್ಷಕ್ಕೆ ಸಮ. ಇನ್ನು ವರ್ಷಕ್ಕೆ 18,000 ಕಿ.ಮೀ., ಹೆಚ್ಚಿನದು ಹೆದ್ದಾರಿ, ಮೈಲೇಜ್ ಪೆಟ್ರೋಲಿಗೆ 15, ಡೀಸೆಲ್ಲಿಗೆ 20 ಎಂದು ಹಿಡಿದು ನೋಡಿ. ಕಿ.ಮೀ.ಗೆ 2.32 ರೂ. ಉಳಿದು, ವರ್ಷಕ್ಕೆ 41,760. ಸರ್ವಿಸಿಗೆ ಆರು ಸಾವಿರ ಕಳೆದರೂ ಐದು ವರ್ಷದಲ್ಲಿ ದುಡ್ಡು ಮರಳುತ್ತದೆ, ಎಂಜಿನ್ನೂ ಸುಖವಾಗಿರುತ್ತದೆ. ಡೀಸೆಲ್ ಕಾರು ಕೆಟ್ಟದ್ದಲ್ಲ, ಅದರ ಊರು ಹೆದ್ದಾರಿ.

ನಿಮ್ಮ ಸಂಖ್ಯೆಗಳನ್ನು ಹಾಕುವಾಗ ಎರಡು ಕಾರುಗಳ ಒಂದೇ ದರ್ಜೆಯ ವೇರಿಯಂಟ್ ಹೋಲಿಸಿ. ಡೀಸೆಲ್ಲಿನ ಕೆಳದರ್ಜೆಯನ್ನೂ ಪೆಟ್ರೋಲಿನ ಮೇಲ್ದರ್ಜೆಯನ್ನೂ ಪಕ್ಕದಲ್ಲಿಟ್ಟು ‘ಬೆಲೆ ಒಂದೇ’ ಎನ್ನುವುದು ಮಾರಾಟದ ಜಾಣ್ಮೆ.

ಹಂತ 5: ಪೆಟ್ರೋಲ್ ಎಂದಾದರೆ ಯಾವ ಪೆಟ್ರೋಲ್?

ಇಲ್ಲಿಯೂ ಎರಡು ದಾರಿಯಿದೆ. ಟರ್ಬೋ ಇಲ್ಲದ 1.2 ಲೀಟರ್ ಎಂಜಿನ್ ಒಂದು, ಒಂದು ಲೀಟರಿನ ಟರ್ಬೋ ಇನ್ನೊಂದು. ಬರೀ ಆಫೀಸು, ಮಾರುಕಟ್ಟೆ, ಶಾಲೆ ಎಂದರೆ ಟರ್ಬೋ ಇಲ್ಲದ್ದೇ ಸಾಕು. ಇದರಲ್ಲಿ ಇಂಧನ ವಾಲ್ವಿನ ಹಿಂದೆ ಚಿಮುಕುವುದರಿಂದ ವಾಲ್ವ್ ತೊಳೆದುಕೊಂಡಂತೆ ಸ್ವಚ್ಛವಾಗಿರುತ್ತದೆ. ನೇರವಾಗಿ ಸಿಲಿಂಡರಿನೊಳಗೆ ಚಿಮುಕುವ ಟರ್ಬೋ ಎಂಜಿನ್ನುಗಳಲ್ಲಿ ಆ ತೊಳೆಯುವಿಕೆ ಇಲ್ಲ, ಸಣ್ಣ ಓಡಾಟದಲ್ಲಿ ವಾಲ್ವಿನ ಹಿಂಬದಿ ಕಾರ್ಬನ್ ಕಟ್ಟುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಟರ್ಬೋ ಒತ್ತಿ ಓಡಿಸಿದರೆ ಮೈಲೇಜೂ ಒಂದಂಕಿಗೆ ಇಳಿಯುತ್ತದೆ. ನಾಲ್ಕೈದು ಜನ ಕೂತು ಆಗಾಗ ಚಾರ್ಮಾಡಿ, ಶಿರಾಡಿ ಹತ್ತುವ ಮನೆಯವರಿಗೆ ಮಾತ್ರ ಟರ್ಬೋದ ಎಳೆತ ಬೇಕಾಗುತ್ತದೆ.

ಪೆಟ್ರೋಲಿಗೂ ಸಣ್ಣ ಓಟ ಹಬ್ಬವೇನಲ್ಲ. ಕೈಪಿಡಿ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದರೆ, ನಿಮಗೆ ಮೊದಲು ಬರುವುದು ವರ್ಷ. ‘ಇನ್ನೂ ಐದೂವರೆ ಸಾವಿರವೇ ಓಡಿರೋದು’ ಎಂದು ಆಯಿಲ್ ಬದಲಾಯಿಸುವುದನ್ನು ಮುಂದೂಡಬೇಡಿ. ಬ್ಯಾಟರಿ ಸ್ಟಾರ್ಟಿಗೆ ಕೊಟ್ಟ ಕರೆಂಟನ್ನು ಹತ್ತು ನಿಮಿಷದ ಓಟದಲ್ಲಿ ಪೂರ್ತಿ ಮರಳಿ ತುಂಬಿಕೊಳ್ಳಲಾರದು, ಅದಕ್ಕೂ ವಾರಕ್ಕೊಂದು ಉದ್ದ ಓಟ ಬೇಕು. ಎಥನಾಲ್ ನೀರನ್ನು ಹೀರುವ ಸ್ವಭಾವದ್ದು, ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಟ್ಯಾಂಕನ್ನು ಅರ್ಧ ಖಾಲಿ ಬಿಡುವುದಕ್ಕಿಂತ ತುಂಬಿಸಿ ನಿಲ್ಲಿಸುವುದು ಮೇಲು.

ಮನೆಯಲ್ಲಿ ಸ್ವಂತ ಪಾರ್ಕಿಂಗ್, ಅಲ್ಲೊಂದು 15 ಆಂಪಿಯರ್ ಪ್ಲಗ್ ಇದ್ದು, ಓಡಾಟವೆಲ್ಲ ಊರೊಳಗೇ ಎಂದಾದರೆ ಈ ಪೆಟ್ರೋಲ್-ಡೀಸೆಲ್ ಜಗಳವನ್ನೇ ಬಿಟ್ಟು ಎಲೆಕ್ಟ್ರಿಕ್ ಕಾರನ್ನು ಒಮ್ಮೆ ನೋಡಿ. ಯೂನಿಟ್ಟಿಗೆ ಎಂಟು ರೂಪಾಯಿ, ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಹಿಡಿದರೂ ಕಿ.ಮೀ.ಗೆ ಒಂದೂಕಾಲು ರೂಪಾಯಿಯ ಆಸುಪಾಸು. ತಣ್ಣಗಿನ ಸ್ಟಾರ್ಟ್, ಮಸಿ, ಬೂದಿ ಯಾವುದೂ ಇಲ್ಲ. ಅಪಾರ್ಟ್‌ಮೆಂಟಿನ ಸಂಘ ಮೀಟರಿಗೆ ಒಪ್ಪುತ್ತದೆಯೇ ಎಂಬುದೇ ಅಲ್ಲಿನ ದೊಡ್ಡ ಪ್ರಶ್ನೆ.

ಹಂತ 6: ಓಡಿಸಿ ನೋಡುವಾಗ

ಶೋರೂಮಿನವರು ಕರೆದೊಯ್ಯುವ ಖಾಲಿ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಓಡುತ್ತದೆ. ನಿಮ್ಮ ದಾರಿ, ನಿಮ್ಮ ಹೊತ್ತು ಕೇಳಿ. ಬೆಳಿಗ್ಗೆ ಒಂಬತ್ತಕ್ಕೆ ಮನೆಗೇ ತರಲು ಹೇಳಿದರೆ ಬಹುಪಾಲು ತರುತ್ತಾರೆ. ಇರುವೆ ಸಾಲಿನಂತೆ ಹರಿದಾಡುವ ಟ್ರಾಫಿಕ್ಕಿನಲ್ಲಿ ಡೀಸೆಲ್ಲಿಗೆ ಒಂದು ಅನುಕೂಲ ನಿಜಕ್ಕೂ ಇದೆ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸಾಕು, ಆಕ್ಸಿಲರೇಟರ್ ಮುಟ್ಟದೆ ತೆವಳುತ್ತದೆ. ಆದರೆ ಅದರ ಕ್ಲಚ್ ಗಡಸು. ನಲವತ್ತು ನಿಮಿಷದಲ್ಲಿ ಇನ್ನೂರು ಸಲ ಒತ್ತಿದ ಎಡ ಮೊಣಕಾಲಿನ ಅಭಿಪ್ರಾಯವನ್ನೂ ಕೇಳಿ. ಎರಡನೇ ಗೇರಿನಲ್ಲಿ ಹಂಪ್ ದಾಟಿ ಮತ್ತೆ ಒತ್ತಿದಾಗ 1,500 ಆರ್‌ಪಿಎಂ ಕೆಳಗೆ ಗಾಡಿ ಸತ್ತಂತಾಗಿ ಆಮೇಲೆ ಒಮ್ಮೆಲೇ ನುಗ್ಗುತ್ತದೆಯೇ ಎಂದೂ ನೋಡಿ.

ಹಳೆ ಕಾರು ಕೊಳ್ಳುವವರಿಗೆ ಬೇರೆಯೇ ಎಚ್ಚರಿಕೆ. ‘2021ರ ಡೀಸೆಲ್, ಒಬ್ಬರೇ ಮಾಲೀಕರು, ಬರೀ 14,000 ಕಿ.ಮೀ.’ ಎಂಬ ಜಾಹೀರಾತು ಕಂಡರೆ ಹಿಗ್ಗಬೇಡಿ, ಅನುಮಾನಪಡಿ. ಅಷ್ಟು ಕಡಿಮೆ ಓಡಿದ ಬಿಎಸ್6 ಡೀಸೆಲ್ ಎಂದರೆ ಇಷ್ಟು ಹೊತ್ತು ಹೇಳಿದ ಸಣ್ಣ ಓಟದಲ್ಲೇ ಬೆಂದದ್ದು ಎಂದರ್ಥ. ಅದಕ್ಕಿಂತ 60,000 ಕಿ.ಮೀ. ಹೆದ್ದಾರಿಯಲ್ಲಿ ಓಡಿದ ಗಾಡಿ ಮೇಲು. ತಿಳಿಯುವ ಸುಲಭದ ದಾರಿ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್. ಮಾರುವವರನ್ನು ಕಳೆದ ಒಂದು ವರ್ಷದ್ದು ತೋರಿಸಲು ಕೇಳಿ, ಟೋಲ್ ದಾಟಿದ ದಿನಾಂಕಗಳೇ ಗಾಡಿಯ ಜಾತಕ ಹೇಳುತ್ತವೆ.

ನೋಡಲು ಹೋಗುವುದು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ. ಮೊದಲು ಬಾನೆಟ್ ಮುಟ್ಟಿ ನೋಡಿ, ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಮೇಲಿನ ಗುರುತು ದಾಟಿದ್ದು ಡೀಸೆಲ್ ವಾಸನೆ ಬಂದರೆ ಅಲ್ಲಿಂದಲೇ ನಮಸ್ಕಾರ ಹೇಳಿ. ಸೈಲೆನ್ಸರ್ ತುದಿಯ ಒಳಗೆ ಬೆರಳಾಡಿಸಿ: ಡಿಪಿಎಫ್ ಚೆನ್ನಾಗಿದ್ದರೆ ಬೆರಳಿಗೆ ಹೆಚ್ಚು ಮಸಿ ಹತ್ತುವುದಿಲ್ಲ. ಕಪ್ಪಾಗಿ ಮೆತ್ತಿಕೊಂಡರೆ ಫಿಲ್ಟರ್ ಒಡೆದಿರಬಹುದು, ಇಲ್ಲವೇ ಒಳಗಿನದ್ದನ್ನು ತೆಗೆದು ಖಾಲಿ ಡಬ್ಬಿ ಕೂರಿಸಿರಬಹುದು. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಮಸಿಯ ಪ್ರಮಾಣ, ಕೊನೆಯ ಸಲ ಪೂರ್ತಿ ಸುಟ್ಟ ಮೇಲೆ ಓಡಿದ ದೂರ, ಈ ಎರಡನ್ನು ಓದಿಸಿ.

2017ರಿಂದ 2020ರ ಮಾರ್ಚ್‌ವರೆಗಿನ ಬಿಎಸ್4 ಡೀಸೆಲ್ಲುಗಳಲ್ಲಿ ಹೆಚ್ಚಿನವುಗಳಿಗೆ ಡಿಪಿಎಫ್ ಇಲ್ಲ. ಬೆಲೆಯೂ ಇಳಿದಿದೆ. ಸಣ್ಣ ಓಡಾಟಕ್ಕೆ ಡೀಸೆಲ್ಲೇ ಬೇಕು ಎಂದು ಹಟ ಹಿಡಿದವರಿಗೆ ಅವು ಕಡಿಮೆ ತಲೆನೋವಿನವು. ಆದರೆ ಇಜಿಆರ್ ವಾಲ್ವಿಗೆ ಮಸಿ ಕಟ್ಟುವುದು ಅವಕ್ಕೂ ತಪ್ಪಿದ್ದಲ್ಲ. ಅದು ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳಿಸುವ ಬಾಗಿಲು. ಕಟ್ಟಿಕೊಂಡರೆ ಪಿಕಪ್ ಕುಂದುತ್ತದೆ, ಕಪ್ಪು ಹೊಗೆ ಬರುತ್ತದೆ. ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಂತ 7: ಈಗಾಗಲೇ ಡೀಸೆಲ್ ಮನೆಯಲ್ಲಿದ್ದರೆ

ವಾರಕ್ಕೊಂದು ಸಲ, ಉದಾಹರಣೆಗೆ ಭಾನುವಾರ ಬೆಳಿಗ್ಗೆ ಆರೂವರೆಗೆ, ನಲವತ್ತು ನಿಮಿಷದ ಓಟ ಇಟ್ಟುಕೊಳ್ಳಿ. ಮೊದಲ ಹದಿನೈದು ನಿಮಿಷ ಎಂಜಿನ್ ಕಾಯಲು, ಉಳಿದ ಇಪ್ಪತ್ತೈದು ಮಸಿ ಸುಡಲು. ವಾರದ ನಾಲ್ಕು ಸಣ್ಣ ಕೆಲಸಗಳನ್ನು ಕೂಡಿಸಿ ಒಂದೇ ಸುತ್ತಿನಲ್ಲಿ ಮುಗಿಸಿದರೆ ಮೂರು ತಣ್ಣಗಿನ ಸ್ಟಾರ್ಟ್ ತಪ್ಪಿತು. ಒಂದೂವರೆ ಕಿಲೋಮೀಟರಿನ ಓಡಾಟಕ್ಕೆ ಸ್ಕೂಟರ್ ತೆಗೆಯಿರಿ.

ಹದಿನೈದು ದಿನಕ್ಕೊಮ್ಮೆ, ಸಮನೆಲದಲ್ಲಿ, ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡಿ ಅಳತೆಯನ್ನು ಬರೆದಿಡಿ. ಏರುತ್ತಿದ್ದರೆ ಸರ್ವಿಸ್ ಗಡುವಿಗೆ ಕಾಯದೆ ಆಯಿಲ್ ಬದಲಾಯಿಸಿ. ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಎಂಬ ಶೀರ್ಷಿಕೆಯ ಕೆಳಗೆ ಪ್ರತ್ಯೇಕ ಗಡುವು ಕೊಟ್ಟಿರುತ್ತಾರೆ. ಸಣ್ಣ ದೂರದ, ನಿಂತು ನಿಂತು ಓಡುವ ಬಳಕೆ ಅದರಲ್ಲೇ ಸೇರುತ್ತದೆ, ಆ ಗಡುವೇ ನಿಮ್ಮದು. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರಿದ ನೀರನ್ನು ಪ್ರತಿ ಸರ್ವಿಸಿನಲ್ಲೂ ಬಸಿಯಲು ಹೇಳಿ. ಬಿಲ್ಲಿನಲ್ಲಿ ಅದು ಬರೆದಿರುವುದಿಲ್ಲ, ಆದ್ದರಿಂದ ಕೇಳಿಯೇ ಮಾಡಿಸಬೇಕು.

ಮೂರು ತಿಂಗಳಲ್ಲಿ ಡಿಪಿಎಫ್ ದೀಪ ಎರಡಕ್ಕಿಂತ ಹೆಚ್ಚು ಸಲ ಹತ್ತಿತು, ಭಾನುವಾರದ ಓಟವೂ ಕೈಗೂಡುತ್ತಿಲ್ಲ ಎಂದಾದರೆ ಫಿಲ್ಟರ್ ಇನ್ನೂ ಚೆನ್ನಾಗಿರುವಾಗಲೇ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸುವವರಿಗೆ ಮಾರಿ. ಮಾರುವ ಮುಂಚೆ ಸ್ಕ್ಯಾನರಿನ ವರದಿಯನ್ನು ಪ್ರಿಂಟ್ ಹಾಕಿಸಿಟ್ಟುಕೊಂಡರೆ ಚೌಕಾಸಿಯಲ್ಲಿ ನಿಮ್ಮ ಕೈ ಮೇಲಿರುತ್ತದೆ.